ಕೆಟ್ಟದ್ದು ಪರದೆಯೋ, ಚಿತ್ರವೋ?

ಶಿರಸಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿರುವ ಗೆಳೆಯನೊಬ್ಬ ಮದುವೆ ಸೀಸನ್ನಿನ ನಡುವೆ ಒಂದು ರಾತ್ರಿ ಫೋನ್ ಮಾಡಿದ. "ಕಂಪ್ಯೂಟರ್ ಹೋಯ್ತು ಮಾರಾಯ. ಮದುಮಗಳ ಮುಖ ಕಾಮಾಲೆ ಬಂದ ಹಾಗೆ ಕಾಣ್ತದೆ. ಮದುಮಗನ ಕರಿ ಕೋಟಿನ ತುಂಬ ಹಸಿರು ಪಟ್ಟೆ."

ಯಾವಾಗಿನಿಂದ ಎಂದು ಕೇಳಿದೆ. ಮಾನಿಟರಿನ ಬಣ್ಣ ಹೊಂದಿಸುವ ಯಾವುದೋ ಪ್ರೋಗ್ರಾಂ ಹಾಕಿದ್ದನಂತೆ. ಅದು ಅರ್ಧಕ್ಕೇ ನಿಂತುಬಿಟ್ಟಿತ್ತು, ಇವನು ಬಲವಂತವಾಗಿ ಮುಚ್ಚಿದ್ದ. ಅಲ್ಲಿಂದ ಶುರು. ಪೇಟೆಯ ರಿಪೇರಿ ಅಂಗಡಿಯವರಿಗೆ ಫೋನಿನಲ್ಲೇ ವಿವರಿಸಿದ್ದಕ್ಕೆ, ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಹೋಗಿರಬೇಕು, ಹೊಸ ಕಾರ್ಡೇ ಹಾಕಬೇಕು ಎಂಬ ಉತ್ತರ ಬಂದಿತ್ತು.

"ಎರಡು ಚಿತ್ರ ಕಳಿಸು" ಎಂದೆ. "ಒಂದು, ಪರದೆಯ ಎದುರು ಮೊಬೈಲ್ ಹಿಡಿದು ತೆಗೆದ ಫೋಟೊ. ಇನ್ನೊಂದು, ಕಂಪ್ಯೂಟರೇ ತೆಗೆದ ಸ್ಕ್ರೀನ್‌ಶಾಟ್."

"ಎರಡೂ ಒಂದೇ ಅಲ್ವೇನೋ?"

ಒಂದೇ ಆಗಿರಲಿಲ್ಲ. ಫೋಟೊದಲ್ಲಿ ಅವನು ಹೇಳಿದ ಕಾಮಾಲೆ, ಹಸಿರು ಪಟ್ಟೆ ಎಲ್ಲ ಇತ್ತು. ಸ್ಕ್ರೀನ್‌ಶಾಟ್ ಮಾತ್ರ ಪರಿಶುದ್ಧ. ಮದುಮಗಳು ಮದುಮಗಳ ಹಾಗೆ, ಕೋಟು ಕೋಟಿನ ಹಾಗೆ. ಕಾರ್ಡಿನ ಮೆಮೊರಿ ಹೋಗಿಲ್ಲ ಎಂದು ಅಷ್ಟರಲ್ಲೇ ಗೊತ್ತಾಯಿತು. ಹೇಗೆಂದು ತಿಳಿಯಬೇಕಾದರೆ ಚಿತ್ರವೊಂದು ಪರದೆಗೆ ಬರುವ ದಾರಿಯನ್ನು ಸ್ವಲ್ಪ ನೋಡಬೇಕು.

ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕಿಗಳು. ಒಟ್ಟು 20,73,600. ಒಂದೊಂದು ಚುಕ್ಕಿಯ ಬಣ್ಣ ಬರೆದಿಡಲು 4 ಬೈಟ್ ಎಂದರೆ, ಪರದೆಯ ಒಂದು ಪೂರ್ಣ ಚಿತ್ರಕ್ಕೆ 82,94,400 ಬೈಟ್, ಅಂದರೆ ಸುಮಾರು 8 ಎಂಬಿ. ಈ ಚಿತ್ರ ಮೆಮೊರಿಯ ಒಂದು ಜಾಗದಲ್ಲಿ ಕುಳಿತಿರುತ್ತದೆ. ಅದಕ್ಕೆ ಫ್ರೇಮ್‌ಬಫರ್ ಎಂದು ಹೆಸರು. ಗ್ರಾಫಿಕ್ಸ್ ಚಿಪ್ಪಿನ ಒಂದು ಭಾಗ ಅದನ್ನು ಸೆಕೆಂಡಿಗೆ 60 ಸಲ ಮೇಲಿನಿಂದ ಕೆಳಗೆ ಓದಿ ಕೇಬಲ್ಲಿಗೆ ತಳ್ಳುತ್ತಲೇ ಇರುತ್ತದೆ. ಸೆಕೆಂಡಿಗೆ ಹತ್ತಿರ ಹತ್ತಿರ 50 ಕೋಟಿ ಬೈಟ್. ನೀವು ಏನೂ ಮಾಡದೆ ಪರದೆ ನೋಡುತ್ತ ಕುಳಿತಾಗಲೂ ಈ ಕೆಲಸಕ್ಕೆ ಬಿಡುವಿಲ್ಲ.

ಓದಿದ್ದನ್ನು ಹಾಗೆಯೇ ಕಳಿಸುವುದೂ ಇಲ್ಲ. ಫ್ರೇಮ್‌ಬಫರಿಗೂ ಕೇಬಲ್ಲಿಗೂ ನಡುವೆ ಒಂದು ಕೋಷ್ಟಕವಿದೆ. ಕೆಂಪು, ಹಸಿರು, ನೀಲಿ ಮೂರಕ್ಕೂ ತಲಾ 256 ಸಾಲು ಎಂದುಕೊಳ್ಳಿ. 'ಇಷ್ಟು ಕೆಂಪು ಎಂದು ಬರೆದಿದ್ದರೆ ಮಾನಿಟರಿಗೆ ಇಷ್ಟು ಕಳಿಸು' ಎಂದು ಅದು ಹೇಳುತ್ತದೆ. ಗಾಮಾ ಕೋಷ್ಟಕ ಎಂದು ಕರೆಯುವುದು ಇದನ್ನೇ. ಮಾನಿಟರಿನ ಬಣ್ಣ ಹೊಂದಿಸುವ ಪ್ರೋಗ್ರಾಂಗಳು ಕೈಯಾಡಿಸುವುದು ಇಲ್ಲಿ. ರಾತ್ರಿ ಪರದೆಯನ್ನು ಹಳದಿಯಾಗಿಸುವ ಎಷ್ಟೋ ಪ್ರೋಗ್ರಾಂಗಳು, ಬೆಳಕು ಹೆಚ್ಚು ಕಡಿಮೆ ಮಾಡಿಕೊಳ್ಳಲು ಬಿಡುವ ಕೆಲವು ಆಟಗಳು ಮುಟ್ಟುವುದೂ ಇದನ್ನೇ.

ಸ್ಕ್ರೀನ್‌ಶಾಟ್ ತೆಗೆಯುವುದು ಈ ಕೋಷ್ಟಕಕ್ಕಿಂತ ಹಿಂದಿನ ಚಿತ್ರವನ್ನು. ಆದ್ದರಿಂದ ಕೋಷ್ಟಕ ಕೆಟ್ಟರೂ, ಕೇಬಲ್ ಕೆಟ್ಟರೂ, ಮಾನಿಟರ್ ಕೆಟ್ಟರೂ ಸ್ಕ್ರೀನ್‌ಶಾಟಿಗೆ ಗೊತ್ತಾಗುವುದಿಲ್ಲ. ಚಿತ್ರ ಬರೆಯುವಾಗಲೇ ಕೆಟ್ಟಿದ್ದರೆ ಮಾತ್ರ ಅದರಲ್ಲಿಯೂ ಕಾಣುತ್ತದೆ. ನನ್ನ ಗೆಳೆಯನ ಪ್ರೋಗ್ರಾಂ ಪರೀಕ್ಷೆಗೆಂದು ಕೋಷ್ಟಕದಲ್ಲಿ ಏನೇನೋ ಬರೆದು, ಕೊನೆಗೆ ಹಳೆಯದನ್ನು ವಾಪಸ್ ಇಡಬೇಕಿತ್ತು. ನಡುವೆ ಕತ್ತು ಹಿಸುಕಿದ್ದರಿಂದ ಇಡಲಿಲ್ಲ. ಬಾಡಿಗೆ ಮನೆಯ ಗೋಡೆಗೆ ತನಗೆ ಬೇಕಾದ ಬಣ್ಣ ಬಳಿದು, ಖಾಲಿ ಮಾಡುವಾಗ ಸುಣ್ಣ ಹೊಡೆಸದೆ ಹೋದವರ ಕಥೆ. ವಿಂಡೋಸಿನ ಕಲರ್ ಮ್ಯಾನೇಜ್‌ಮೆಂಟ್ ತೆರೆದು, ಅಡ್ವಾನ್ಸ್ಡ್ ಎಂಬಲ್ಲಿ 'ರೀಲೋಡ್ ಕರೆಂಟ್ ಕ್ಯಾಲಿಬ್ರೇಷನ್ಸ್' ಒತ್ತಿಸಿದೆ. ಮದುಮಗಳ ಕಾಮಾಲೆ ಇಳಿಯಿತು. ಒಂದು ಪೈಸೆ ಖರ್ಚಿಲ್ಲ. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದ್ದರೂ ಬಹುಶಃ ಸರಿಹೋಗುತ್ತಿತ್ತು. ಅವನು ಗಾಬರಿಯಲ್ಲಿ ಅದನ್ನೂ ಮಾಡಿರಲಿಲ್ಲ, ಆರಿಸಿದರೆ ಮತ್ತೆ ಬರದಿದ್ದರೆ ಎಂಬ ಹೆದರಿಕೆ.

ಇಲ್ಲೊಂದು ಎಚ್ಚರಿಕೆ. ತೆಗೆದ ಸ್ಕ್ರೀನ್‌ಶಾಟನ್ನು ಅದೇ ಪರದೆಯಲ್ಲಿ ತೆರೆದು ನೋಡಬೇಡಿ. ಶುದ್ಧ ಚಿತ್ರವೂ ಅದೇ ಕೊಳಕು ಕನ್ನಡಿಯ ಮೂಲಕವೇ ಕಾಣುತ್ತದೆ. ವಿಂಡೋಸ್ ಕೀ ಹಿಡಿದು ಪ್ರಿಂಟ್ ಸ್ಕ್ರೀನ್ ಒತ್ತಿದರೆ ಚಿತ್ರ ಪಿಕ್ಚರ್ಸ್ ಫೋಲ್ಡರಿನೊಳಗೆ ಸ್ಕ್ರೀನ್‌ಶಾಟ್ಸ್ ಎಂಬಲ್ಲಿ ಉಳಿಯುತ್ತದೆ. ಅದನ್ನು ಮೊಬೈಲಿಗೆ ಕಳಿಸಿ ನೋಡಿ.

ಆದರೆ ಪ್ರೋಗ್ರಾಂ ಓಡುವಾಗ ಸರಿಯಿದ್ದದ್ದು ಮುಚ್ಚಿದ ಮೇಲೇ ಏಕೆ ಕೆಡಬೇಕು? ಹೊರಗಿನಿಂದ ನೋಡಿದರೆ ಮುಚ್ಚುವುದು ಎಂದರೆ ಏನೂ ಇಲ್ಲ, ಒಂದು ಕಿಟಕಿ ಮಾಯವಾಗುತ್ತದೆ ಅಷ್ಟೆ. ಒಳಗೆ ಮಾತ್ರ ಅದೇ ಅತ್ಯಂತ ಗಡಿಬಿಡಿಯ ಹೊತ್ತು. ಪ್ರೋಗ್ರಾಂ ತಾನು ಹಿಡಿದಿದ್ದ ಗ್ರಾಫಿಕ್ಸ್ ಮೆಮೊರಿಯನ್ನೆಲ್ಲ ಬಿಡಬೇಕು. ಪೂರ್ಣ ಪರದೆಗೆಂದು ರೆಸಲ್ಯೂಷನ್ ಬದಲಿಸಿದ್ದರೆ ಹಳೆಯದಕ್ಕೆ ತರಬೇಕು. ಅಲ್ಲಿಯವರೆಗೆ ಭಾರ ಹೊತ್ತಿದ್ದ ಚಿಪ್ ತನ್ನ ವೇಗವನ್ನೂ ಮೆಮೊರಿಯ ವೇಗವನ್ನೂ ಇಳಿಸಿ ವಿಶ್ರಾಂತಿಗೆ ಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇದ್ದರೆ ದೊಡ್ಡದು ಪೂರಾ ಆರಿಹೋಗುವುದೂ ಉಂಟು. ಇವಿಷ್ಟರಲ್ಲಿ ಯಾವುದು ತಪ್ಪಿದರೂ ಗಲೀಜು ಕಾಣುವುದು ಮುಚ್ಚಿದ ಮೇಲೆಯೇ.

ಹಳಬರಿಗೆ ಇದರ ಇನ್ನೊಂದು ರೂಪ ನೆನಪಿರುತ್ತದೆ. ವಿಂಡೋಸ್ 95ರ ಕಾಲದಲ್ಲಿ ಎಷ್ಟೋ ಕಂಪ್ಯೂಟರುಗಳು ಒಮ್ಮೆಗೆ 256 ಬಣ್ಣಗಳನ್ನಷ್ಟೇ ತೋರಿಸುತ್ತಿದ್ದವು. ಅದರಲ್ಲಿ 20 ವಿಂಡೋಸಿನ ಸ್ವಂತಕ್ಕೆ. ಉಳಿದದ್ದನ್ನು ಎದುರಿಗಿರುವ ಪ್ರೋಗ್ರಾಂ ತನಗೆ ಬೇಕಾದ ಹಾಗೆ ತುಂಬಿಕೊಳ್ಳುತ್ತಿತ್ತು. ಚಿತ್ರ ಬರೆಯುವ ಪ್ರೋಗ್ರಾಂ ಮುಚ್ಚಿದರೆ ಹಿಂದಿದ್ದ ವಾಲ್‌ಪೇಪರಿನ ತೆಂಗಿನ ಮರ ನೇರಳೆ, ಸಮುದ್ರ ಕಿತ್ತಳೆ! ಮೆಮೊರಿಯಲ್ಲಿ ಇದ್ದದ್ದು ಬಣ್ಣವಲ್ಲ, ಬಣ್ಣದ ಡಬ್ಬಿಯ ನಂಬರು. ಡಬ್ಬಿಯಲ್ಲಿ ಬೇರೆ ಬಣ್ಣ ಉಳಿದಿತ್ತು.

ವಿಂಡೋಸ್ ಎಕ್ಸ್‌ಪಿವರೆಗೆ ಇನ್ನೊಂದು ತಾಪತ್ರಯ. ಎಲ್ಲ ಪ್ರೋಗ್ರಾಂಗಳೂ ಒಂದೇ ಹಲಗೆಯ ಮೇಲೆ ಬರೆಯುತ್ತಿದ್ದವು. ಮೇಲಿನ ಕಿಟಕಿ ಮುಚ್ಚಿದರೆ ಕೆಳಗಿನ ಪ್ರೋಗ್ರಾಮಿಗೆ 'ನಿನ್ನ ಜಾಗ ಖಾಲಿಯಾಗಿದೆ, ಮತ್ತೆ ಬರಿ' ಎಂದು ವಿಂಡೋಸ್ ಹೇಳುತ್ತಿತ್ತು. ಅದು ತೂಕಡಿಸುತ್ತಿದ್ದರೆ ಹೋದ ಕಿಟಕಿಯ ಚರ್ಮ ಅಲ್ಲೇ ಅಂಟಿಕೊಂಡಿರುತ್ತಿತ್ತು. ಡೆಸ್ಕ್‌ಟಾಪಿನ ಮೇಲೆ ರೈಟ್ ಕ್ಲಿಕ್ ಮಾಡಿ ನಾಲ್ಕು ಸಲ ರಿಫ್ರೆಶ್ ಒತ್ತುವ ನಮ್ಮ ಅಭ್ಯಾಸ ಆ ಕಾಲದ್ದಿರಬೇಕು. ರಿಫ್ರೆಶ್ ಮಾಡುವುದು ಡೆಸ್ಕ್‌ಟಾಪಿನ ಐಕಾನುಗಳನ್ನು ಮತ್ತೆ ಜೋಡಿಸುವ ಕೆಲಸವನ್ನಷ್ಟೇ. ಅದರಿಂದ ಕಂಪ್ಯೂಟರ್ ಚುರುಕಾಗುವುದಿಲ್ಲ, ಗ್ರಾಫಿಕ್ಸ್ ದೋಷವೂ ಹೋಗುವುದಿಲ್ಲ. ಹೀಗೆ ಬರೆದರೂ ನಾಳೆ ಬೆಳಿಗ್ಗೆ ನಾನೂ ಒತ್ತುತ್ತೇನೆ, ಬಿಡಿ.

2007ರಲ್ಲಿ ಬಂದ ವಿಸ್ಟಾದಿಂದ ಈಚೆಗೆ ಪ್ರತಿ ಕಿಟಕಿಗೂ ಮೆಮೊರಿಯಲ್ಲಿ ಅದರದೇ ಹಲಗೆ. ಅವನ್ನೆಲ್ಲ ಒಂದರ ಮೇಲೊಂದು ಜೋಡಿಸಿ ಅಂತಿಮ ಚಿತ್ರ ಮಾಡುವವನು ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್ ಎಂಬ ಕೆಲಸಗಾರ. ಜೋಡಿಸುವುದೂ ಗ್ರಾಫಿಕ್ಸ್ ಚಿಪ್ಪಿನಿಂದಲೇ. ಹಾಗಾಗಿ ಈಗ ಮುಚ್ಚಿದ ಮೇಲೆ ಟಾಸ್ಕ್‌ಬಾರ್ ಹರಿದು ಕಂಡರೆ, ಐಕಾನುಗಳ ಜಾಗದಲ್ಲಿ ಕಪ್ಪು ಚೌಕ ಬಂದರೆ, ಆ ಚಿಪ್ಪನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಲೆಕ್ಕ ತಪ್ಪಿರುವ ಸಂಭವವೇ ಹೆಚ್ಚು. ಬಿಟ್ಟ ಮೆಮೊರಿಯನ್ನು ತೊಳೆಯದೆ ಇನ್ನೊಬ್ಬರಿಗೆ ಕೊಟ್ಟರೆ ಹಳೆಯ ಚಿತ್ರದ ಚೂರು ಹೊಸ ಕಿಟಕಿಯಲ್ಲಿ ಇಣುಕುತ್ತದೆ. 2016ರಲ್ಲಿ ಕೆನಡಾದ ವಿದ್ಯಾರ್ಥಿಯೊಬ್ಬ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ನೋಡಿ ಮುಚ್ಚಿದ್ದ ಚಿತ್ರ, ಗಂಟೆಗಳ ನಂತರ ಕಂಪ್ಯೂಟರ್ ಆಟ ತೆರೆದಾಗ ಪರದೆಯ ತುಂಬ ಬಂದದ್ದು ದೊಡ್ಡ ಸುದ್ದಿಯಾಗಿತ್ತು.

ಈಗ ಕೈ ಹಾಕುವ ಕ್ರಮ. ಮೊಟ್ಟಮೊದಲು ತೆರೆದಿರುವ ಕೆಲಸ ಉಳಿಸಿ. ಪರದೆ ಅರ್ಥವಾಗದಿದ್ದರೂ ಕೀಲಿಮಣೆಗೆ ಕಣ್ಣು ಬೇಕಿಲ್ಲ, ಕಂಟ್ರೋಲ್ ಮತ್ತು ಎಸ್ ಒತ್ತಿದರೆ ಕಡತ ಉಳಿಯುತ್ತದೆ. ಆಮೇಲೆ ಹೇಳಿದ ಎರಡು ಚಿತ್ರ ತೆಗೆದುಕೊಳ್ಳಿ. ಎಲ್ಲಕ್ಕಿಂತ ಮುಂಚೆ ರೀಸ್ಟಾರ್ಟ್ ಮಾಡಿಬಿಟ್ಟರೆ ಸಾಕ್ಷಿಯೇ ನಾಶ.

ಸ್ಕ್ರೀನ್‌ಶಾಟ್ ಶುದ್ಧವಾಗಿದ್ದು ಪರದೆ ಕೊಳಕಾಗಿದ್ದರೆ ಬಣ್ಣ ನೋಡಿ. ಇಡೀ ಪರದೆ ಒಂದೇ ಸಮನೆ ಬಣ್ಣಗೆಟ್ಟಿದ್ದರೆ ಗಾಮಾ ಕೋಷ್ಟಕ. ಬಿಳಿ ಚುಕ್ಕಿಗಳು ಮಿಣಮಿಣ ಎನ್ನುತ್ತಿದ್ದರೆ, ಪರದೆ ಆಗಾಗ ಕಪ್ಪಾಗಿ ಬಂದರೆ ಕೇಬಲ್. ಎರಡೂ ತುದಿ ಕಿತ್ತು ಮತ್ತೆ ಚುಚ್ಚಿ, ಬೇರೆ ಕೇಬಲ್ ಹಾಕಿ ನೋಡಿ. ಹಳೆಯ ವಿಜಿಎ ಕೇಬಲ್ಲಿನ ಒಂದು ಪಿನ್ ಬಾಗಿದರೆ ಒಂದು ಬಣ್ಣವೇ ಮಾಯವಾಗುತ್ತದೆ. ಮಾನಿಟರಿನ ಸ್ವಂತ ಮೆನು ತೆರೆದು ನೋಡುವುದು ಒಳ್ಳೆಯ ಉಪಾಯ. ಆ ಮೆನು ಮಾನಿಟರ್ ತಾನೇ ಬರೆಯುವಂಥದ್ದು. ಹಿಂದಿನ ಚಿತ್ರ ಕೊಳಕಾಗಿದ್ದು ಮೆನು ಸ್ವಚ್ಛವಾಗಿದ್ದರೆ ಮಾನಿಟರಿನ ಫಲಕದ ಮೇಲಿನ ಅನುಮಾನ ಬಹುಪಾಲು ಬಿಡಬಹುದು. ಲ್ಯಾಪ್‌ಟಾಪಿಗೆ ಈ ಸೌಲಭ್ಯ ಇಲ್ಲ. ಅದಕ್ಕೆ ಎಚ್‌ಡಿಎಂಐ ಮೂಲಕ ಮನೆಯ ಟೀವಿ ಜೋಡಿಸಿ ನೋಡಬೇಕು.

ಸ್ಕ್ರೀನ್‌ಶಾಟಿನಲ್ಲೂ ಗಲೀಜು ಬಂದಿದೆಯೇ? ಹಾಗಾದರೆ ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿ. ಪರದೆ ಒಮ್ಮೆ ಕಪ್ಪಾಗಿ, ಸಣ್ಣ ಬೀಪ್ ಸದ್ದಿನೊಂದಿಗೆ ವಾಪಸ್ ಬರುತ್ತದೆ. ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಯಿತು ಎಂದರ್ಥ. ಸಾಮಾನ್ಯವಾಗಿ ತೆರೆದ ಕೆಲಸ ಹಾಗೆಯೇ ಉಳಿದಿರುತ್ತದೆ. ಚಿಪ್ಪನ್ನು ನೇರವಾಗಿ ಬಳಸುತ್ತಿರುವ ಭಾರೀ ಪ್ರೋಗ್ರಾಂ ಮಾತ್ರ ಇದರಿಂದ ಬೀಳಬಹುದು, ಅದಕ್ಕೇ ಮೊದಲು ಉಳಿಸಿ ಎಂದದ್ದು. ಟಾಸ್ಕ್‌ಬಾರ್ ಮತ್ತು ಐಕಾನುಗಳಷ್ಟೇ ಹಾಳಾಗಿದ್ದರೆ ಟಾಸ್ಕ್ ಮ್ಯಾನೇಜರಿನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರ್ ಹುಡುಕಿ ರೀಸ್ಟಾರ್ಟ್ ಕೊಟ್ಟರೂ ಸಾಕು.

ಇದರಿಂದ ಸರಿಯಾದರೆ ಯಂತ್ರಾಂಶದ ಮೇಲಿನ ಅನುಮಾನ ತುಸು ಬಿಡಬಹುದು, ಪೂರ್ತಿ ಅಲ್ಲ. ಮುಂದೆ ಇವೆಂಟ್ ವ್ಯೂವರ್ ತೆರೆದು, ಸಿಸ್ಟಂ ಪಟ್ಟಿಯಲ್ಲಿ 4101 ಎಂಬ ನಂಬರು ಇದೆಯೇ ನೋಡಿ. ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡುವುದನ್ನು ನಿಲ್ಲಿಸಿತ್ತು, ಈಗ ಚೇತರಿಸಿಕೊಂಡಿದೆ ಎಂಬ ಷರಾ ಅದು. ಗ್ರಾಫಿಕ್ಸ್ ಚಿಪ್ 2 ಸೆಕೆಂಡು ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ತಟ್ಟಿ ಎಬ್ಬಿಸುತ್ತದೆ. ವಿಸ್ಟಾದಿಂದ ಬಂದ ಏರ್ಪಾಡು ಇದು. ಒಂದು ನಿಮಿಷದೊಳಗೆ 5ಕ್ಕಿಂತ ಹೆಚ್ಚು ಸಲ ಎಬ್ಬಿಸಬೇಕಾದರೆ ಕೈ ಚೆಲ್ಲಿ ನೀಲಿ ಪರದೆ ತೋರಿಸುತ್ತದೆ. ಪ್ರೋಗ್ರಾಂ ಮುಚ್ಚಿದ ಹೊತ್ತಿಗೂ ಷರಾದ ಹೊತ್ತಿಗೂ ತಾಳೆಯಾದರೆ ಡ್ರೈವರಿಗೂ ಆ ಪ್ರೋಗ್ರಾಮಿಗೂ ಹೊಂದುತ್ತಿಲ್ಲ ಎಂದು ಹಿಡಿಯಬಹುದು.

ಡ್ರೈವರ್ ವಿಷಯದಲ್ಲಿ ಎಲ್ಲರೂ ಹೇಳುವುದು 'ಅಪ್‌ಡೇಟ್ ಮಾಡಿ' ಎಂದು. ನನ್ನ ಅನುಭವ ಬೇರೆ. ಕಳೆದ ತಿಂಗಳವರೆಗೆ ಸರಿಯಿದ್ದು ಈಗ ಕೆಟ್ಟಿದ್ದರೆ ಹೊಸದಕ್ಕೆ ಓಡುವ ಬದಲು ಹಿಂದಿನದಕ್ಕೆ ಹೋಗಿ. ಡಿವೈಸ್ ಮ್ಯಾನೇಜರಿನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಎಂಬ ಗುಂಡಿ ಇರುವುದೇ ಇದಕ್ಕೆ. ಎನ್‌ವಿಡಿಯಾ ಕಾರ್ಡ್ ಇದ್ದು, ನಿಮ್ಮದು ಫೋಟೊ, ವಿಡಿಯೊ, ವಿನ್ಯಾಸದ ಕೆಲಸವಾಗಿದ್ದರೆ ಆಟದವರಿಗೆಂದು ಬರುವ ಡ್ರೈವರ್ ಬಿಟ್ಟು, 2019ರಿಂದ ಅದು ಬೇರೆಯಾಗಿಯೇ ಕೊಡುತ್ತಿರುವ ಸ್ಟುಡಿಯೊ ಡ್ರೈವರ್ ಹಾಕಿಕೊಳ್ಳಿ. ಹಾಕುವಾಗ ಕ್ಲೀನ್ ಇನ್‌ಸ್ಟಲೇಷನ್ ಗುರುತು ಮಾಡಿದರೆ ಹಳೆಯ ಸೆಟ್ಟಿಂಗುಗಳ ಕಸ ಉಳಿಯುವುದಿಲ್ಲ.

ಎರಡು ಚಿಪ್ಪಿನ ಲ್ಯಾಪ್‌ಟಾಪ್ ಎಂದೆನಲ್ಲ, ಅಲ್ಲಿ ಇನ್ನೊಂದು ಪರೀಕ್ಷೆಯಿದೆ. ಇಂಥ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಪರದೆಗೆ ತಂತಿ ಇರುವುದು ಪ್ರೊಸೆಸರಿನೊಳಗಿನ ಸಣ್ಣ ಚಿಪ್ಪಿಗೆ. ದೊಡ್ಡ ಚಿಪ್ ಚಿತ್ರ ಬರೆದು ಅದರ ಕೈಗೆ ದಾಟಿಸುತ್ತದೆ. ಪ್ರೋಗ್ರಾಂ ಮುಚ್ಚಿದೊಡನೆ ದೊಡ್ಡದಕ್ಕೆ ನಿದ್ದೆ. ಈ ಕೈಬದಲಿನಲ್ಲೇ ತೊಂದರೆಯೇ ಎಂದು ತಿಳಿಯಲು ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ, ಗ್ರಾಫಿಕ್ಸ್ ಹೀಗೆ ಹೋಗಿ ಆ ಒಂದು ಪ್ರೋಗ್ರಾಮಿಗೆ ಮಾತ್ರ 'ಪವರ್ ಸೇವಿಂಗ್' ಆರಿಸಿ. ಈಗ ಅದು ಸಣ್ಣ ಚಿಪ್ಪಿನಲ್ಲೇ ಓಡುತ್ತದೆ, ದಾಟಿಸುವ ಪ್ರಸಂಗವೇ ಇಲ್ಲ. ಹಾಗೆಯೇ ಪ್ರೋಗ್ರಾಮಿನೊಳಗೇ ಗ್ರಾಫಿಕ್ಸ್ ಚಿಪ್ ಬಳಸಬೇಡ ಎನ್ನುವ ಆಯ್ಕೆ ಇರುತ್ತದೆ. ಫೋಟೊಶಾಪಿನಲ್ಲಿ ಪ್ರಿಫರೆನ್ಸಸ್‌ನ ಪರ್ಫಾರ್ಮೆನ್ಸ್ ಪುಟದಲ್ಲಿದೆ. ಒಂದೆರಡು ದಿನ ನಿಧಾನವಾದರೂ ಹಾಗೆ ಓಡಿಸಿ ನೋಡಿ. ಗಲೀಜು ನಿಂತರೆ ಕಳ್ಳ ಸಿಕ್ಕ.

ಲಿನಕ್ಸ್ ಬಳಸುವವರು ಕಂಟ್ರೋಲ್, ಆಲ್ಟ್ ಹಿಡಿದು ಎಫ್3 ಒತ್ತಿ ಅಕ್ಷರ ಪರದೆಗೆ ಹೋಗಿ, ಎಫ್1 ಅಥವಾ ಎಫ್2ರಿಂದ ವಾಪಸ್ ಬಂದರೆ ಪರದೆಯ ವಿಧಾನವೆಲ್ಲ ಹೊಸದಾಗಿ ಹೊಂದಿಕೊಳ್ಳುತ್ತದೆ. ಟರ್ಮಿನಲ್ಲಿನಲ್ಲಿ ಅಕ್ಷರಗಳಷ್ಟೇ ಚಿತ್ರಲಿಪಿಯಾಗಿದ್ದರೆ ಕಣ್ಣುಮುಚ್ಚಿ 'ರೀಸೆಟ್' ಎಂಬ ಇಂಗ್ಲಿಷ್ ಪದ ಟೈಪ್ ಮಾಡಿ ಎಂಟರ್ ಒತ್ತಿ. ಟೈಪ್ ಮಾಡಿದ್ದು ಪರದೆಯ ಮೇಲೆ ಕಾಣದಿದ್ದರೂ ಕೆಲಸ ಮಾಡುತ್ತದೆ.

ಇನ್ನು ದುಡ್ಡು ಕೇಳುವ ದೋಷಗಳು. ಇದರಲ್ಲಿ ನನ್ನದೇ ಒಂದು ಪೆದ್ದುತನವಿದೆ. ವರ್ಷಗಳ ಹಿಂದೆ, ಪುಟವಿನ್ಯಾಸದ ಪ್ರೋಗ್ರಾಂ ಮುಚ್ಚಿದಾಗಲೆಲ್ಲ ನನ್ನ ಪರದೆಯ ಮೇಲೆ ಗುಲಾಬಿ ಬಣ್ಣದ ಚೌಕಗಳು ಸಾಲಾಗಿ ಮೂಡುತ್ತಿದ್ದವು, ಚುಕ್ಕಿ ಇಟ್ಟು ಎಳೆಯದೆ ಬಿಟ್ಟ ರಂಗೋಲಿಯ ಹಾಗೆ. ಪ್ರೋಗ್ರಾಂ ತೆಗೆದು ಹಾಕಿದೆ, ಡ್ರೈವರ್ ತೆಗೆದು ಹಾಕಿದೆ, ಕೊನೆಗೆ ಒಂದು ಇಡೀ ಭಾನುವಾರ ಕೂತು ವಿಂಡೋಸನ್ನೇ ಹೊಸದಾಗಿ ಹಾಕಿದೆ. ಸಂಜೆ ಕಂಪ್ಯೂಟರ್ ಹಚ್ಚುವಾಗ, ತಯಾರಕರ ಲಾಂಛನ ಮೂಡುವ ಆ ಮೂರು ಸೆಕೆಂಡಿನಲ್ಲಿ, ಲಾಂಛನದ ಮೇಲೆಯೇ ಅದೇ ಗುಲಾಬಿ ಚೌಕ! ವಿಂಡೋಸ್ ಇನ್ನೂ ಕಣ್ಣೇ ಬಿಟ್ಟಿರಲಿಲ್ಲ, ಡ್ರೈವರ್ ಎಲ್ಲಿಂದ ಬರಬೇಕು? ಕಾರ್ಡಿನ ಮೆಮೊರಿ ಸಾಯುತ್ತಿತ್ತು. ಬೆಳಿಗ್ಗೆ ಲಾಂಛನವನ್ನು ದಿಟ್ಟಿಸಿದ್ದರೆ ಭಾನುವಾರ ಉಳಿಯುತ್ತಿತ್ತು.

ವಿಂಡೋಸಿಗೂ ಮೊದಲು ಬರುವ ಬಯೋಸ್ ಪುಟದಲ್ಲಿ, ಲಾಂಛನದಲ್ಲಿ ಗಲೀಜು ಕಂಡರೆ ತಂತ್ರಾಂಶದ ಚಿಕಿತ್ಸೆ ಬೇಡ. ಕಾರ್ಡ್ ಬೇರೆಯಿದ್ದರೆ ಬಿಚ್ಚಿ, ಧೂಳು ತೆಗೆದು, ಮತ್ತೆ ಗಟ್ಟಿಯಾಗಿ ಕೂರಿಸಿ. ಕಾರ್ಡೇ ಇಲ್ಲದ ಕಂಪ್ಯೂಟರಾದರೆ ಗ್ರಾಫಿಕ್ಸ್ ಚಿಪ್ಪಿಗೆ ಸ್ವಂತ ಮೆಮೊರಿ ಇರುವುದಿಲ್ಲ, ಸಾಮಾನ್ಯ ರ‍್ಯಾಮಿನಲ್ಲೇ ಒಂದು ಪಾಲು ಪಡೆದಿರುತ್ತದೆ. ಹಾಗಾಗಿ ಕೆಟ್ಟ ರ‍್ಯಾಮ್ ಕಡ್ಡಿ ಪರದೆಯ ದೋಷವಾಗಿ ಕಾಣಿಸಿಕೊಳ್ಳುತ್ತದೆ. ರಿಪೇರಿ ಹುಡುಗರು ರ‍್ಯಾಮ್ ಕಿತ್ತು ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವುದನ್ನು ನೋಡಿ ನಗಬೇಡಿ. ಅಲ್ಲಿನ ಕಿಲುಬು ಹೋದರೆ ಎಷ್ಟೋ ಸಲ ಸರಿಯಾಗುತ್ತದೆ. ಎರಡು ಕಡ್ಡಿ ಇದ್ದರೆ ಒಂದೊಂದನ್ನೇ ಹಾಕಿ ಓಡಿಸಿದರೆ ಯಾವುದು ಕೆಟ್ಟಿದೆ ಎಂದು ತಿಳಿಯುತ್ತದೆ.

ಬಿಸಿಯದೂ ಒಂದು ಪಾತ್ರವಿದೆ. ಭಾರೀ ಚಿತ್ರ ಬಿಡಿಸುವಾಗ ಕಾದ ಚಿಪ್, ಪ್ರೋಗ್ರಾಂ ಮುಚ್ಚಿದ ಮೇಲೆ ತಣ್ಣಗಾಗಿ ಕುಗ್ಗುತ್ತದೆ. ಬೆಸುಗೆಯಲ್ಲಿ ಕೂದಲೆಳೆಯ ಬಿರುಕಿದ್ದರೆ ಆಗ ಸಂಪರ್ಕ ತಪ್ಪುತ್ತದೆ. 2008ರಲ್ಲಿ ಎನ್‌ವಿಡಿಯಾ ಕಂಪನಿ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳ ಕಟ್ಟಣೆಯ ದೋಷಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿಡಬೇಕಾಗಿ ಬಂದಿತ್ತು. ಇಂಥ ಬೋರ್ಡಿಗೆ ಹಾಟ್ ಏರ್ ಗನ್ ಹಿಡಿದು 'ರೆಡಿ ಸಾರ್' ಎಂದು ಕೊಡುವವರಿದ್ದಾರೆ. ಕೆಲವು ವಾರ ಓಡುತ್ತದೆ, ಆಮೇಲೆ ಮತ್ತೆ ಅದೇ ಪಾಡು. ಅದಕ್ಕೆ ಸಾವಿರಗಟ್ಟಲೆ ಸುರಿಯಬೇಡಿ.

ಪರದೆ ಕೆಟ್ಟಿದೆ ಎಂದು ನನ್ನ ಹತ್ತಿರ ಬಂದ ದೂರುಗಳಲ್ಲಿ ಒಂದಂತೂ ಪರದೆಯದ್ದೇ ಅಲ್ಲ. ಡಿಟಿಪಿ ಕೆಲಸದವರಿಗೆ ಇದು ಗೊತ್ತಿರಲಿ. ವಿನ್ಯಾಸದ ಪ್ರೋಗ್ರಾಂ ಮುಚ್ಚಿದ ಮೇಲೆ ಬೇರೆ ಕಡತದ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರ, ಸೊನ್ನೆ, ಪೌಂಡ್ ಗುರುತುಗಳ ಕಿಚಡಿಯಾಗಿ ಕಾಣುತ್ತದೆ. ನುಡಿ, ಬರಹದಂಥ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯ ಕಂಪ್ಯೂಟರಿನ ಲೆಕ್ಕಕ್ಕೆ ಮೊದಲಿನಿಂದಲೂ ಆ ಕಿಚಡಿಯೇ. ಫಾಂಟ್ ಅದಕ್ಕೆ ಕನ್ನಡದ ಮುಖವಾಡ ತೊಡಿಸಿರುತ್ತದೆ. ಫಾಂಟ್ ಮ್ಯಾನೇಜರ್ ಜೊತೆಗಿದ್ದು, ಪ್ರೋಗ್ರಾಂ ಮುಚ್ಚಿದೊಡನೆ ಆ ಫಾಂಟನ್ನೂ ಹಿಂತೆಗೆದುಕೊಂಡರೆ ಮುಖವಾಡ ಕಳಚುತ್ತದೆ. ಕಡತಕ್ಕೆ ಏನೂ ಆಗಿಲ್ಲ. ಫಾಂಟನ್ನು ವಿಂಡೋಸಿನಲ್ಲಿ ಖಾಯಂ ಆಗಿ ಹಾಕಿಕೊಳ್ಳಿ, ಅಕ್ಷರ ವಾಪಸ್ ಬರುತ್ತವೆ. ಗಾಬರಿಯಲ್ಲಿ ಅಳಿಸಿ ಹೊಸದಾಗಿ ಟೈಪ್ ಮಾಡಿಸಿದವರನ್ನು ಕಂಡಿದ್ದೇನೆ.

ಯಾವುದೂ ಫಲಿಸದೆ ಅಂಗಡಿಗೆ ಹೊರಡುವುದೇ ಆದರೆ ನಿಮ್ಮ ಫೋನಿನಲ್ಲಿ ಮೂರು ಚಿತ್ರ ಇರಲಿ: ಕೆಟ್ಟ ಪರದೆಯ ಫೋಟೊ, ಅದೇ ಹೊತ್ತಿನ ಸ್ಕ್ರೀನ್‌ಶಾಟ್, ಮತ್ತು ಕಂಪ್ಯೂಟರ್ ಹಚ್ಚುವಾಗ ಬರುವ ಲಾಂಛನದ ಫೋಟೊ. ಬಿಲ್ಲು ಎಷ್ಟು ಎಂದು ಕೇಳುವ ಮೊದಲು ಮೂರನ್ನೂ ತೋರಿಸಿ. ನೋಡಿಯೂ 'ಮೊದಲು ಫಾರ್ಮ್ಯಾಟ್ ಮಾಡಿಬಿಡೋಣ ಸಾರ್' ಎಂದರೆ, ಕಂಪ್ಯೂಟರ್ ಎತ್ತಿಕೊಂಡು ಮುಂದಿನ ಅಂಗಡಿಗೆ ಹೋಗಿ.